ಓದೂದು ಬ್ಯಾರೆ, ಧಂದೆ ಬ್ಯಾರೆ?

ಮನೋಳಿ, ಸವದತ್ತಿ ಕಡೆ ಹೊಸದಾಗಿ ವಿಮಾ ಏಜೆಂಟರಾಗಲು ಹೊರಟ ಹುಡುಗರಿಗೆ ಹಳಬರು ಕೊಡುವ ಮೊದಲ ಉಪದೇಶ ಒಂದೇ: ‘ಪರೀಕ್ಷಾಕ್ಕ ಒಂದು ಉತ್ತರ, ಮಂದಿಗೆ ಹೇಳಾಕ ಇನ್ನೊಂದು.’ ಐಸಿ-38 ಪುಸ್ತಕ ಪರೀಕ್ಷೆಯ ದಿನದವರೆಗೆ ಮಾತ್ರ, ಆಮೇಲೆ ಅದು ಅಟ್ಟಕ್ಕೆ. 50 ಪ್ರಶ್ನೆ, ನೂರಕ್ಕೆ 35 ಬಂದರೆ ಪಾಸು, ಹಳೇ ಪ್ರಶ್ನೆಗಳ ಪಿಡಿಎಫ್ ವಾಟ್ಸ್ಯಾಪಿನಲ್ಲೇ ಸಿಗುತ್ತದೆ; ಮತ್ತೇಕೆ ತಲೆಕೆಡಿಸಿಕೊಳ್ಳಬೇಕು ಎನ್ನುತ್ತಾರೆ. ಪಾಸಾಗುವ ಮಟ್ಟಿಗೆ ಇದು ಖರೆ. ಕೆಡುವುದು ಆಮೇಲೆ.

ಉದಾಹರಣೆಗೆ 1938ರ ವಿಮಾ ಕಾಯ್ದೆಯ 45ನೇ ಕಲಂ. ಪರೀಕ್ಷೆಯಲ್ಲಿ ಅದರ ಮೇಲೆ ಪ್ರಶ್ನೆ ಬಂದರೆ ‘ಮೂರು ವರ್ಷ’ ಎಂದು ಒತ್ತಿ ಹುಡುಗ ಅಂಕ ಗಿಟ್ಟಿಸುತ್ತಾನೆ. ಮರುವಾರ ಅದೇ ಹುಡುಗ ಯಾರದೋ ಪಡಸಾಲೆಯಲ್ಲಿ ಕೂತು, ‘ಶುಗರ್ ಐತಿ ಅಂತ ಬರಸಬ್ಯಾಡ್ರಿ ಕಾಕಾರ, ಮೂರು ವರ್ಷ ದಾಟಿದ್ರ ಯಾರೂ ಕೇಳೂದಿಲ್ಲ’ ಅನ್ನುತ್ತಾನೆ. ಪ್ರಪೋಸಲ್ ಫಾರ್ಮಿನಲ್ಲಿ ಬಿಪಿ, ಶುಗರ್, ಆಪರೇಷನ್, ಆಸ್ಪತ್ರೆ ಎಲ್ಲದರ ಮುಂದೆಯೂ ಸಾಲಾಗಿ ‘ಇಲ್ಲ’. ಪೆನ್ಸಿಲ್ಲಿನಿಂದ ಇಂಟು ಹಾಕಿಟ್ಟ ಕಡೆಯೆಲ್ಲ ಕಾಕಾ ಸಹಿ ಮಾಡುತ್ತಾರೆ. ಅವರ ಶುಗರ್ ಗುಳಿಗೆ ಚೀಟಿ ಅದೇ ಪಡಸಾಲೆಯ ಮಾಡದಲ್ಲಿ, ಕನ್ನಡಕದ ಕೆಳಗೇ ಇರುತ್ತದೆ.

ಕಲಂ ಹೇಳುವುದೇನು? 2015ರ ತಿದ್ದುಪಡಿಯ ಪ್ರಕಾರ, ಮೂರು ವರ್ಷ ತುಂಬಿದ ಜೀವ ವಿಮಾ ಪಾಲಿಸಿಯನ್ನು ಯಾವ ಕಾರಣಕ್ಕೂ ಕಂಪನಿ ಪ್ರಶ್ನಿಸುವಂತಿಲ್ಲ. ಹುಡುಗ ಇಷ್ಟನ್ನೇ ಉರು ಹೊಡೆದಿರುತ್ತಾನೆ. ಆದರೆ ಮೂರು ವರ್ಷ ತುಂಬುವ ಮೊದಲೇ ಮನುಷ್ಯ ಹೋದರೆ? ಗೊತ್ತಿದ್ದೂ ವಂಚಿಸುವ ಉದ್ದೇಶದಿಂದ ರೋಗ ಮುಚ್ಚಿಟ್ಟಿದ್ದರೆ ಕಾಯ್ದೆಯ ಲೆಕ್ಕದಲ್ಲಿ ಅದು ವಂಚನೆ. ಕ್ಲೇಮು ಹೋಗುತ್ತದೆ, ತುಂಬಿದ ಕಂತೂ ಹೋಗುತ್ತದೆ. ವಂಚನೆಯಲ್ಲದ ತಪ್ಪು ಹೇಳಿಕೆಯಾದರೆ ಕಂತಿನ ಹಣವಾದರೂ 90 ದಿನದೊಳಗೆ ವಾಪಸು ಬರಬೇಕು. ಇನ್ನೊಂದು ಮಾತು ಅದೇ ಕಲಮಿನಲ್ಲಿದೆ, ಅದನ್ನು ಓದಿದ ಏಜೆಂಟರು ಕಡಿಮೆ: ಪಾಲಿಸಿದಾರ ಬದುಕಿಲ್ಲದಿದ್ದರೆ ‘ಇದು ವಂಚನೆಯಲ್ಲ’ ಎಂದು ತೋರಿಸಿಕೊಡುವ ಹೊಣೆ ಹಣ ಪಡೆಯಬೇಕಾದವರದ್ದು. ಅಂದರೆ ಫಾರ್ಮನ್ನು ಕಣ್ಣಿಂದ ನೋಡಿಯೇ ಇರದ, ಕಾಕಾರ ಹೆಂಡತಿ ಕಾಕೂನದು.

ಮೂರು ವರ್ಷ ಎಲ್ಲಿಂದ ಎಣಿಸುವುದು ಎಂಬುದೂ ಇದೆ. ಪಾಲಿಸಿ ಕೊಟ್ಟ ದಿನ, ವಿಮೆ ಶುರುವಾದ ದಿನ, ರೈಡರ್ ಸೇರಿಸಿದ ದಿನ, ಪಾಲಿಸಿ ಪುನಶ್ಚೇತನಗೊಳಿಸಿದ ದಿನ, ಇವುಗಳಲ್ಲಿ ಯಾವುದು ಕೊನೆಯದೋ ಅಲ್ಲಿಂದ. ಮಳೆ ನಂಬಿದ ಎರಿ ಭೂಮಿಯವರು ಕಂತು ತಪ್ಪಿಸುವುದು, ಹತ್ತಿ, ಕಡಲೆ ಮಾರಿ ರೊಕ್ಕ ಬಂದ ಮೇಲೆ ಪಾಲಿಸಿಗೆ ಮತ್ತೆ ಜೀವ ಕೊಡಿಸುವುದು ನಮ್ಮಲ್ಲಿ ಹೊಸದೇನಲ್ಲ. ಹಾಗೆ ಮಾಡಿಸಿದ ದಿನದಿಂದ ಎಣಿಕೆ ಮತ್ತೆ ಮೊದಲಿನಿಂದ. ಎಂಟು ವರ್ಷದ ಪಾಲಿಸಿ ಎಂದು ಮನೆಯವರು ನಂಬಿದ್ದು ಕಾಯ್ದೆಯ ಕಣ್ಣಿಗೆ ಎಂಟು ತಿಂಗಳದ್ದೂ ಆಗಿರಬಹುದು.

ನಿಜ ಬರೆದರೆ ಪಾಲಿಸಿಯೇ ಸಿಗುವುದಿಲ್ಲ ಎನ್ನುವವರಿಗೆ: ತಪಾಸಣೆ ಕೇಳಬಹುದು, ಕಂತು ಏರಬಹುದು, ಕೆಲವೊಮ್ಮೆ ಒಲ್ಲೆ ಎಂದೂ ಅನ್ನಬಹುದು. ಒಲ್ಲೆ ಎಂದರೆ ಆ ರೊಕ್ಕವಾದರೂ ಮನೆಯಲ್ಲಿ ಉಳಿಯುತ್ತದೆ. ಮಾಹಿತಿ ಮುಚ್ಚಿಡಲು ಗ್ರಾಹಕರಿಗೆ ಕುಮ್ಮಕ್ಕು ಕೊಡಬಾರದು ಎಂಬುದು ಏಜೆಂಟರ ನೀತಿಸಂಹಿತೆಯಲ್ಲೇ ಇದೆ. ಅದೂ ಪರೀಕ್ಷೆಗೆ ಓದಬೇಕಾದದ್ದೇ, ಅದಕ್ಕೂ ಅಂಕ ಸಿಕ್ಕಿರುತ್ತದೆ.

ಉಳಿದ ಪುಕಾರುಗಳು ಸಣ್ಣವು. ಇಂಗ್ಲಿಷ್ ಬಾರದವರಿಗೆ ಈ ಪರೀಕ್ಷೆ ಆಗದು ಎಂಬುದು ಸುಳ್ಳು. ಹತ್ತನೇ ಇಯತ್ತೆ ಪಾಸಾಗಿದ್ದರೆ ಕನ್ನಡದಲ್ಲೇ ಬರೆಯಬಹುದು. ಮೊದಲ ಕಂತಿನಲ್ಲಿ ಕಮಿಷನ್ ಬಿಟ್ಟುಕೊಡುವುದು ಧಾರಾಳತನವಲ್ಲ, 41ನೇ ಕಲಮಿನಡಿ ಅಪರಾಧ, ದಂಡ 10 ಲಕ್ಷದವರೆಗೆ. ಜೀವ ವಿಮೆಯ ಮೂರು ವರ್ಷವನ್ನು ಆರೋಗ್ಯ ವಿಮೆಗೆ ಅಂಟಿಸಬೇಡಿ, ಅಲ್ಲಿ 60 ತಿಂಗಳು, ಅದೂ ವಂಚನೆ ಸಾಬೀತಾಗದಿದ್ದರೆ ಮಾತ್ರ. ಮುಂಬಯಿಯ ಭಾರತೀಯ ವಿಮಾ ಸಂಸ್ಥೆ 1955ರಿಂದ ಇದೆ. ಅದರ ಲೈಸೆನ್ಷಿಯೇಟ್, ಅಸೋಸಿಯೇಟ್, ಫೆಲೋಶಿಪ್ ಪರೀಕ್ಷೆಗಳು ಆಫೀಸರುಗಳಿಗೆ ಮಾತ್ರ ಎಂಬುದು ಓದಲು ಮನಸ್ಸಿಲ್ಲದವರು ಹುಟ್ಟಿಸಿದ ಸುದ್ದಿ.

ಹುಡುಗನೊಬ್ಬನನ್ನೇ ಬೈಯುವುದೂ ನ್ಯಾಯವಲ್ಲ. ಸಂತೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ತೆರೆಸಿ ಹಲ್ಲು ನೋಡುವ ನಾವು, ಇಪ್ಪತ್ತು ವರ್ಷ ಕಂತು ಕಟ್ಟುವ ಕಾಗದವನ್ನು ‘ನಮ್ಮ ಹುಡುಗನ ಅದಾನ’ ಎಂಬ ಒಂದೇ ಮಾತಿನ ಮೇಲೆ ಕೈಗೆತ್ತಿಕೊಳ್ಳುತ್ತೇವೆ. ಬಾಂಡ್ ಕೈಗೆ ಬಂದ ಮೇಲೆ, ಶರತ್ತು ಒಪ್ಪದಿದ್ದರೆ ಮರಳಿಸಲು 30 ದಿನ ಕೊಡುತ್ತಾರೆ. ಆ ಮೂವತ್ತೂ ದಿನ ಅದು ಟ್ರಂಕಿನ ತಳದಲ್ಲಿರುತ್ತದೆ. ಇಂಗ್ಲಿಷ್ ಫಾರ್ಮಿಗೆ ಕನ್ನಡದಲ್ಲಿ ಸಹಿ ಮಾಡಿದರೆ, ‘ಇದನ್ನೆಲ್ಲ ಇವರ ಭಾಷೆಯಲ್ಲಿ ವಿವರಿಸಿದ್ದೇನೆ’ ಎಂದು ಇನ್ನೊಬ್ಬರು ಬರೆದು ಸಹಿ ಹಾಕಬೇಕಾದ ಜಾಗವೂ ಅದರಲ್ಲಿದೆ. ನಿಮ್ಮ ಫಾರ್ಮಿನಲ್ಲಿ ಅಲ್ಲಿ ಸಹಿ ಮಾಡಿದವರು ಯಾರು, ಅವರು ನಿಮ್ಮ ಮನೆಗೆ ಬಂದಿದ್ದರೇ ಎಂದು ಒಮ್ಮೆ ವಿಚಾರಿಸಿ ನೋಡಿ.