ವಿದ್ಯುನ್ಮಾನ ತೂಕದ ಯಂತ್ರಗಳ ಫರ್ಮ್‌ವೇರ್ ತಾಳೆ: ತಯಾರಕರು ಮತ್ತು ದುರಸ್ತಿದಾರರಿಗೆ ಮಾಹಿತಿ

ಹಲಗೇರಿ, ರಾಣೆಬೆನ್ನೂರು ಹಾಗೂ ಬ್ಯಾಡಗಿ ಭಾಗದ ರೈತರು ತರುವ ಮೆಣಸಿನಕಾಯಿ, ಮೆಕ್ಕೆಜೋಳ, ಹತ್ತಿ ಮುಂತಾದ ಉತ್ಪನ್ನಗಳಿಗೆ ದೊರೆಯುವ ಹಣವು ತೂಕದ ಯಂತ್ರ ತೋರಿಸುವ ಅಂಕಿಯನ್ನು ಅವಲಂಬಿಸಿರುತ್ತದೆ. ವಿದ್ಯುನ್ಮಾನ ಯಂತ್ರದಲ್ಲಿ ಈ ಅಂಕಿಯನ್ನು ಲೆಕ್ಕ ಹಾಕುವುದು ಮೈಕ್ರೊಕಂಟ್ರೋಲರ್ ಎಂಬ ಚಿಪ್. ಅದರಲ್ಲಿ ಬರೆದಿರುವ ತಂತ್ರಾಂಶವನ್ನು ಫರ್ಮ್‌ವೇರ್ ಎನ್ನಲಾಗುತ್ತದೆ. ಇದನ್ನು ಚಿಪ್‌ಗೆ ಬರೆಯುವಾಗ ಒಂದು ಬೈಟ್ ತಪ್ಪಿದರೂ ಯಂತ್ರವು ನಿಲ್ಲದೆ ತಪ್ಪು ತೂಕ ತೋರಿಸುವ ಸಂಭವವಿರುತ್ತದೆ.

ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009 ದಿನಾಂಕ 1-4-2011ರಿಂದ ಜಾರಿಯಲ್ಲಿದೆ. ಅದರನ್ವಯ ತೂಕದ ಯಂತ್ರಗಳ ತಯಾರಿಕೆ, ಮಾರಾಟ ಹಾಗೂ ದುರಸ್ತಿಗೆ ಪರವಾನಗಿ ಅಗತ್ಯ. ಅರ್ಜಿದಾರರ ತಿಳಿವಳಿಕೆಗಾಗಿ ಈ ಕೆಳಗಿನ ವಿವರ ನೀಡಲಾಗಿದೆ.

ಚೆಕ್‌ಸಮ್ ಎಂದರೇನು?

ಖಾತೆ ಪುಸ್ತಕದ ಪುಟವೊಂದನ್ನು ನಕಲು ಮಾಡಿದ ನಂತರ ಎರಡೂ ಪುಟಗಳ ಮೊತ್ತವನ್ನು ತಾಳೆ ನೋಡುವಂತೆಯೇ ಇದು. ಮೂಲ ಕಡತದ ಬೈಟ್‌ಗಳಿಂದ ಪಡೆದ ಸಂಖ್ಯೆಯನ್ನು ಚಿಪ್‌ನಿಂದ ಮರಳಿ ಓದಿ ಪಡೆದ ಸಂಖ್ಯೆಯೊಂದಿಗೆ ಹೋಲಿಸಲಾಗುತ್ತದೆ. ಆದರೆ 10, 20, 30 ಎಂಬುದನ್ನು 20, 10, 30 ಎಂದು ಬರೆದರೂ ಮೊತ್ತ 60 ಆಗಿರುತ್ತದೆ. ಆದುದರಿಂದ ಸರಳ ಮೊತ್ತಕ್ಕಿಂತ, ಅಂಕಿಗಳ ಅನುಕ್ರಮವನ್ನೂ ಪರಿಗಣಿಸುವ ಸಿಆರ್‌ಸಿ-32 ವಿಧಾನ ಉತ್ತಮ. ಉದ್ದೇಶಪೂರ್ವಕ ಬದಲಾವಣೆಯನ್ನು ಪತ್ತೆ ಹಚ್ಚಲು ಸಿಆರ್‌ಸಿ ಸಾಲದು. ಅದಕ್ಕೆ ಎಸ್‌ಎಚ್‌ಎ-256 ಸೂಕ್ತ.

ತಯಾರಿಕೆಯ ಹಂತದಲ್ಲಿ ಪಾಲಿಸಬೇಕಾದ ಕ್ರಮ

1. ಅನುಮೋದಿತ ಮಾದರಿಯ ಫರ್ಮ್‌ವೇರ್ ಆವೃತ್ತಿ ಹಾಗೂ ಅದರ ಚೆಕ್‌ಸಮ್ ಅನ್ನು ಕಡತದಿಂದ ಪ್ರತ್ಯೇಕವಾಗಿ, ವಹಿಯಲ್ಲಿ ದಾಖಲಿಸುವುದು.

2. ಬರೆಯುವ ಮುನ್ನ ಕಡತವನ್ನೂ, ಬರೆದ ನಂತರ ಪ್ರತಿಯೊಂದು ಚಿಪ್ಪನ್ನೂ ತಾಳೆ ನೋಡುವುದು.

3. ತಾಳೆಯಾದ ಮೇಲೆಯೇ ಚಿಪ್‌ನ ಓದು-ನಿರ್ಬಂಧವನ್ನು ಜಾರಿಗೊಳಿಸುವುದು. ಮೊದಲೇ ನಿರ್ಬಂಧಿಸಿದಲ್ಲಿ ಮರಳಿ ಓದಲು ಸಾಧ್ಯವಾಗದು.

4. ಯಂತ್ರದಿಂದ ಯಂತ್ರಕ್ಕೆ ಬದಲಾಗುವ ಕ್ಯಾಲಿಬ್ರೇಶನ್ ಅಂಕಿಗಳನ್ನು ಫರ್ಮ್‌ವೇರ್‌ನ ಚೆಕ್‌ಸಮ್‌ಗೆ ಸೇರಿಸದೆ, ಅವುಗಳಿಗೆ ಬೇರೆ ಚೆಕ್‌ಸಮ್ ಇಡುವುದು.

5. ತಾಳೆಯಾಗದ ಚಿಪ್ಪನ್ನು ಯಂತ್ರಕ್ಕೆ ಅಳವಡಿಸದೆ ಪ್ರತ್ಯೇಕಿಸಿ, ಕಾರಣವನ್ನು ನಮೂದಿಸುವುದು.

ಚೆಕ್‌ಸಮ್‌ನ ಮಿತಿ

ಚೆಕ್‌ಸಮ್ ತಾಳೆಯಾದರೆ ನಕಲು ಮೂಲದಂತೆಯೇ ಇದೆ ಎಂದಷ್ಟೇ ಅರ್ಥ. ಮೂಲವೇ ಸರಿಯಿದೆ ಎಂದಲ್ಲ. 2017ರಲ್ಲಿ ಉತ್ತರ ಪ್ರದೇಶದ ಲಖನೌದಲ್ಲಿ, ಪೆಟ್ರೋಲ್ ಪಂಪುಗಳಿಗೆ ಹೆಚ್ಚುವರಿ ಚಿಪ್ ಅಳವಡಿಸಿ ಕಡಿಮೆ ಇಂಧನ ನೀಡುತ್ತಿದ್ದ ಪ್ರಕರಣಗಳು ಬೆಳಕಿಗೆ ಬಂದವು. ಹೊರಗಿನಿಂದ ಸೇರಿಸಿದ ಇಂತಹ ಚಿಪ್ಪನ್ನು ಮೂಲ ಚಿಪ್‌ನ ಚೆಕ್‌ಸಮ್ ತೋರಿಸಲಾರದು. ಆದುದರಿಂದ ಪ್ರಮಾಣಿತ ತೂಕದ ಬಟ್ಟುಗಳಿಂದ ಪರೀಕ್ಷೆ, ಸತ್ಯಾಪನೆ, ಮುದ್ರೆ ಹಾಗೂ ಸೀಲು ಅನಿವಾರ್ಯ.

ವಿದ್ಯುನ್ಮಾನ ತೂಕದ ಯಂತ್ರಗಳನ್ನು 12 ತಿಂಗಳಿಗೊಮ್ಮೆ ಮರುಸತ್ಯಾಪನೆಗೆ ಒಳಪಡಿಸತಕ್ಕದ್ದು. ದುರಸ್ತಿಗಾಗಿ ಸೀಲು ತೆರೆದಿದ್ದಲ್ಲಿ ಅವಧಿ ಬಾಕಿ ಇದ್ದರೂ ಮರುಸತ್ಯಾಪನೆಯಾಗದೆ ಯಂತ್ರವನ್ನು ವ್ಯಾಪಾರಕ್ಕೆ ಬಳಸತಕ್ಕದ್ದಲ್ಲ. ರೈತರು ಹಾಗೂ ಗ್ರಾಹಕರು ತೂಕ ಮಾಡಿಸುವ ಮುನ್ನ ಯಂತ್ರದ ಮೇಲಿನ ಮುದ್ರೆಯನ್ನೂ ಅಂಗಡಿಯಲ್ಲಿನ ಸತ್ಯಾಪನಾ ಪ್ರಮಾಣ ಪತ್ರವನ್ನೂ ಪರಿಶೀಲಿಸಬಹುದು.