ಒಂದು ಪಾಲು ಮುಂದೆ, ಎರಡು ಪಾಲು ಹಿಂದೆ!

ಮೊನ್ನೆ ನೆಂಟರ ಮದುವೆಯಲ್ಲಿ ಫೋಟೋದವನು ಶಿಷ್ಯನಿಗೆ ಪಾಠ ಹೇಳುತ್ತಿದ್ದ: "ಫೋಕಸ್ ಮಾಡಿದ ಜಾಗದಿಂದ ಒಂದು ಪಾಲು ಮುಂದೆ, ಎರಡು ಪಾಲು ಹಿಂದೆ ಶಾರ್ಪ್ ಬರುತ್ತೆ. ಕಣ್ಣು ಮುಚ್ಚಿ ನಂಬು." ಫೋಟೋಗ್ರಫಿಯಲ್ಲಿ ಕಣ್ಣು ಮುಚ್ಚಿಕೊಳ್ಳಬೇಕಂತೆ!

ಡೆಪ್ತ್ ಆಫ್ ಫೀಲ್ಡ್, ಅಂದರೆ ಎಷ್ಟು ಆಳದವರೆಗೆ ಶಾರ್ಪ್ ಎಂಬ ವಿಚಾರದಲ್ಲಿ ಈ ಮಂತ್ರದಷ್ಟು ನನ್ನ ತಲೆ ತಿಂದದ್ದು ಇನ್ನೊಂದಿಲ್ಲ. ಫುಲ್ ಫ್ರೇಮ್ ಕ್ಯಾಮೆರಾ, 50 ಎಂ.ಎಂ. ಲೆನ್ಸ್, ಎಫ್/8 ಇಟ್ಟುಕೊಳ್ಳಿ. ಮೂರೂವರೆ ಮೀಟರಿಗೆ ಫೋಕಸ್ ಮಾಡಿದರೆ ಕ್ಯಾಮೆರಾ ಕಡೆಗೆ ಸುಮಾರು 87 ಸೆಂ.ಮೀ., ಆಚೆಗೆ 1.73 ಮೀಟರ್. ಮಂತ್ರ ಫಲಿಸಿತು! ಅದೇ ಒಂದು ಮೀಟರಿಗೆ, ಮದರಂಗಿ ಹಚ್ಚಿದ ಕೈಗೆ ಬನ್ನಿ: ಈಚೆಗೆ ಎಂಟೂವರೆ, ಆಚೆಗೆ ಹತ್ತು ಸೆಂ.ಮೀ. ಹೆಚ್ಚುಕಡಿಮೆ ಸಮಪಾಲು. ಹತ್ತೂವರೆ ಮೀಟರಿಗೆ ಹೋದರೆ ಈಚೆಗೆ ಐದೂ ಚಿಲ್ಲರೆ ಮೀಟರ್, ಆಚೆಗೆ ಅನಂತ. ಅನಂತದಲ್ಲಿ ಎರಡು ಪಾಲು ಎಷ್ಟೆಂದು ಗುರುಗಳೇ ಹೇಳಬೇಕು. ಮಂತ್ರ ನಿಜವಾಗುವುದು ಈ ಹತ್ತೂವರೆಯ, ಅಂದರೆ ಆಚೆಯ ಗಡಿ ಅನಂತ ಮುಟ್ಟುವ ಹೈಪರ್‌ಫೋಕಲ್ ದೂರದ, ಮೂರನೇ ಒಂದರ ಆಸುಪಾಸಿನಲ್ಲಿ ಮಾತ್ರ. ಅಪರ್ಚರನ್ನು, ಅಂದರೆ ಬೆಳಕಿನ ಕಂಡಿಯನ್ನು, ಎಫ್/4ಕ್ಕೆ ಹಿಗ್ಗಿಸಿದಿರೋ, ಆ ಜಾಗವೂ ಏಳು ಮೀಟರಿಗೆ ಓಡಿಹೋಗುತ್ತದೆ.

85 ಎಂ.ಎಂ., ಎಫ್/1.8, ಎರಡು ಮೀಟರ್ ದೂರದಲ್ಲಿ ಸಿಗುವುದು ಈಚೆಗೆ ಮೂರು, ಆಚೆಗೆ ಮೂರು ಸೆಂ.ಮೀ. ತಾಳಿ ಕಟ್ಟುವ ಕೈಗೆ ಫೋಕಸ್ ಇಟ್ಟು "ಹಿಂದೆ ಎರಡು ಪಾಲು ಇದೆಯಲ್ಲ" ಎಂದು ನಂಬಿದವನ ಆಲ್ಬಮ್ಮಿನಲ್ಲಿ ಬೆರಳು ಸ್ಪಷ್ಟ, ಮದುಮಗನ ಮುಖ ಮಂಜು. ಮುಹೂರ್ತ ಮತ್ತೆ ಬರುವುದಿಲ್ಲ.

ಅಷ್ಟಕ್ಕೂ ಶಾರ್ಪ್ ಮತ್ತು ಮಂಜಿನ ನಡುವಿನ ಈ ಗಡಿ ಗೋಡೆಯಲ್ಲ. ಒಂದು ಚುಕ್ಕೆ ಸೆನ್ಸರಿನ ಮೇಲೆ 0.03 ಮಿ.ಮೀ. ಮೀರಿ ಹರಡದಿದ್ದರೆ ಶಾರ್ಪ್ ಅನ್ನೋಣ ಎಂಬ ಒಪ್ಪಂದ, ಅಷ್ಟೇ. ಕೈಯಲ್ಲಿ ಹಿಡಿದು ನೋಡುವ ಪ್ರಿಂಟಿಗೆ ಅದು ಸಾಕು, ಗೋಡೆ ತುಂಬುವ ಫೋಟೋದ ಹತ್ತಿರ ನಿಂತರೆ ಸಾಲದು.

"ಕಂಡಿ ಕಿರಿದಾದಷ್ಟೂ ಶಾರ್ಪ್ ಆಳ ಹೆಚ್ಚು, ಹಾಗಾದರೆ ಎಫ್/22 ಹಾಕಿಬಿಡೋಣ" ಎನ್ನುವವರಿಗೆ: ಅಷ್ಟು ಕಿರಿದಾದ ಕಂಡಿಯಲ್ಲಿ ಬೆಳಕೇ ಬಾಗಿ ಚುಕ್ಕೆಯನ್ನು ಸುಮಾರು ಅದೇ 0.03 ಮಿ.ಮೀ.ಗೆ ಹರಡುತ್ತದೆ. ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ಮತ್ತು ಗೆಳೆಯರು 1932ರಲ್ಲಿ ತಮ್ಮ ಗುಂಪಿಗೆ ಎಫ್/64 ಎಂದು ಹೆಸರಿಟ್ಟದ್ದು ನಿಜ, ಆದರೆ ಅವರ ಕೈಯಲ್ಲಿದ್ದದ್ದು ಅಂಗೈಯಗಲದ ಫಿಲ್ಮ್ ಹಾಕುವ ದೊಡ್ಡ ಕ್ಯಾಮೆರಾಗಳು; ಅಷ್ಟು ದೊಡ್ಡ ಫಿಲ್ಮನ್ನು ಪ್ರಿಂಟಿಗೆ ಹೆಚ್ಚು ಹಿಗ್ಗಿಸಬೇಕಿಲ್ಲ, ಹರಡಿದ ಚುಕ್ಕೆ ಕಣ್ಣಿಗೆ ಬೀಳದು. ಇನ್ನು ಹಿನ್ನೆಲೆಯನ್ನು ಮಂಜು ಮಾಡುವ ಫೋನಿನ ಪೋರ್ಟ್ರೇಟ್ ಮೋಡ್ ಲೆನ್ಸಿನ ಮಹಿಮೆ ಅಂದುಕೊಂಡವರು, ಮುಡಿದ ಮಲ್ಲಿಗೆಯ ಅಂಚು ಎಲ್ಲಿ ಕರಗಿದೆ ನೋಡಲಿ. ಅದು ಸಾಫ್ಟ್‌ವೇರಿನ ಕತ್ತರಿ.

ಹತ್ತು ರೂಪಾಯಿಯ ಟೊಮೆಟೊವನ್ನು ಹಿಸುಕಿ ನೋಡುವ ನಾವು ಗುರುವಿನ ಮಾತನ್ನು ಮಾತ್ರ ಹಿಸುಕುವುದಿಲ್ಲ. ದರ್ಜಿಯ ಟೇಪನ್ನು ಮೇಜಿನ ಮೇಲೆ ಉದ್ದಕ್ಕೆ ಹಾಸಿ, ಒಂದು ಮೀಟರ್ ದೂರದ ಅಂಕಿಗೆ ಫೋಕಸ್ ಮಾಡಿ ಒಂದು ಫೋಟೋ ತೆಗೆಯಿರಿ. ಆಮೇಲೆ ಈಚೆ ಎಷ್ಟು ಅಂಕಿ, ಆಚೆ ಎಷ್ಟು ಅಂಕಿ ಓದಲು ಬರುತ್ತವೆ, ನೀವೇ ಎಣಿಸಿ.