ಎರೆ ಮತ್ತು ಮಸಾರಿ ನೆಲಗಳಲ್ಲಿ ಜೀಪು: ಎಂಜಿನಿನ ಬದಲಾವಣೆ ಹಾಗೂ ಸ್ಪ್ರಿಂಗುಗಳ ಆಯ್ಕೆ

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ತಂಬೂರ ಗ್ರಾಮವು ಅರೆಮಲೆನಾಡಿನ ಅಂಚಿನಲ್ಲಿದೆ. ಪಶ್ಚಿಮಕ್ಕೆ ಯಲ್ಲಾಪುರದ ಕಡೆ ಸಾಗಿದಂತೆ ಕೆಂಪು ಮಣ್ಣು, ಕಲ್ಲು, ಬೇರು, ಕೊರಕಲುಗಳಿಂದ ಕೂಡಿದ ಕಾಡುದಾರಿಗಳು ದೊರೆಯುತ್ತವೆ. ಪೂರ್ವಕ್ಕೆ ಹುಬ್ಬಳ್ಳಿಯನ್ನು ದಾಟಿ ಕುಂದಗೋಳ, ನವಲಗುಂದ, ಅಣ್ಣಿಗೇರಿಗಳತ್ತ ಹೊರಟರೆ ಕೆಲವೇ ತಾಸುಗಳಲ್ಲಿ ಕಣ್ಣು ಹರಿಯುವಷ್ಟು ದೂರ ಎರೆಭೂಮಿ ಹಬ್ಬಿರುತ್ತದೆ. ಈ ಎರಡೂ ಸೀಮೆಗಳಲ್ಲಿ ವ್ಯವಹಾರವುಳ್ಳ ಒಬ್ಬ ಒಕ್ಕಲಿಗನು ಹಳೆಯ ಜೀಪೊಂದನ್ನು ಕೊಂಡು, ಅದಕ್ಕೆ ಬೇರೆ ಎಂಜಿನನ್ನು ಕೂರಿಸಿ, ಡಾಂಬರು ರಸ್ತೆಯ ಹೊರಗೂ ಓಡಬಲ್ಲ ವಾಹನವನ್ನಾಗಿ ಮಾಡಿಕೊಳ್ಳಬೇಕೆಂದು ಬಯಸಿದರೆ, ಅವನು ಸಾಮಾನ್ಯವಾಗಿ ಕೇಳುವ ಮೊದಲ ಪ್ರಶ್ನೆ 'ಯಾವ ಎಂಜಿನು ಹಾಕಲಿ?' ಎಂಬುದು. ಈ ಪ್ರಶ್ನೆ ತಪ್ಪಲ್ಲ; ಆದರೆ ಅದು ಮೊದಲನೆಯದಾಗಬಾರದೆಂಬುದೇ ನಮ್ಮ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಲೆಕ್ಕಾಚಾರ ಸಹಿತವಾಗಿ ಇಲ್ಲಿ ವಿವರಿಸುತ್ತೇವೆ.

ಮೊದಲು ನೆಲದ ವಿಚಾರ. ಎರೆಮಣ್ಣಿನಲ್ಲಿ ನೀರನ್ನು ಹೀರಿ ಉಬ್ಬುವ ಜೇಡಿಯ ಅಂಶ ಹೆಚ್ಚು. ಬೇಸಗೆಯಲ್ಲಿ ಅಂಗೈ ತೂರುವಷ್ಟು ಬಿರುಕು ಬಿಡುವ ಅದೇ ನೆಲವು ಒಂದು ಹದ ಮಳೆಯಾದೊಡನೆ ಅಂಟಿನಂತಾಗಿ ಗಾಲಿಗೆ ಮೆತ್ತಿಕೊಳ್ಳುತ್ತದೆ. ಟೈರಿನ ಹಲ್ಲುಗಳ ನಡುವಣ ಸಂದುಗಳು ತುಂಬಿಹೋದ ಮೇಲೆ ಆ ಟೈರಿಗೂ ನುಣುಪಾದ ಉರುಳೆಗೂ ಭೇದವಿಲ್ಲ. ಬೆಣ್ಣಿಹಳ್ಳದ ಆಸುಪಾಸಿನ ರೈತರು ಇಂಥ ದಿನಗಳಲ್ಲಿ ಚಕ್ಕಡಿಯನ್ನೇ ಹೂಡುತ್ತಿರಲಿಲ್ಲ; ನೆಲ ಆರುವ ತನಕ ಕಾಯುವುದೇ ವಿವೇಕವೆಂದು ಅವರು ಬಲ್ಲರು. ಚಕ್ಕಡಿಗೆ ಸ್ಪ್ರಿಂಗು ಇಲ್ಲವೆಂಬುದು ನಿಜ. ಆದರೆ ಅದರ ಗಾಲಿಯ ವ್ಯಾಸ ದೊಡ್ಡದು. ಕುಳಿಗೆ ಇಳಿಯದೆ ಅಂಚಿನಿಂದ ಅಂಚಿಗೆ ಹಾಯುವ ಗುಣ ಅದಕ್ಕುಂಟು. ಮಸಾರಿ ಹಾಗೂ ಕೆಂಪು ನೆಲದ ತೊಂದರೆ ಬೇರೆ ತೆರನಾದುದು. ಅಲ್ಲಿ ನೀರು ಬೇಗ ಬಸಿದು ಹೋಗುತ್ತದೆ, ಹಿಡಿತ ಸಿಕ್ಕುತ್ತದೆ. ಆದರೆ ದಾರಿಯು ಓರೆಕೋರೆಯಾಗಿ, ಒಂದು ಗಾಲಿ ಬಂಡೆಯ ಮೇಲಿದ್ದರೆ ಇನ್ನೊಂದು ಕೊರಕಲಿನ ಮೇಲೆ ನೇತಾಡುತ್ತದೆ. ಎರೆಯಲ್ಲಿ ವಾಹನ ಹೂಳುತ್ತದೆ, ಕಾಡಿನಲ್ಲಿ ಅದು ಕಾಲೆತ್ತುತ್ತದೆ.

ಇನ್ನು ವಾಹನದ ವಿಚಾರ. 1941ರಿಂದ 1945ರ ವರೆಗೆ ಯುದ್ಧಕ್ಕಾಗಿ ತಯಾರಾದ ವಿಲ್ಲಿಸ್ ಜೀಪಿನ ವಂಶದ್ದೇ ಆದ ಸಿ.ಜೆ.-3ಬಿ ಮಾದರಿಯನ್ನು ನಮ್ಮ ದೇಶದಲ್ಲಿ ಮಹೀಂದ್ರಾ ಅಂಡ್ ಮಹೀಂದ್ರಾ ಸಂಸ್ಥೆಯು ದೀರ್ಘಕಾಲ ತಯಾರಿಸಿತು. 1945ರಲ್ಲಿ ಸ್ಥಾಪಿತವಾದ ಈ ಸಂಸ್ಥೆಗೆ ಈಗಿನ ಹೆಸರು ಬಂದದ್ದು 1948ರಲ್ಲಿ. ಜೀಪಿನ ಮೂಲ ಪೆಟ್ರೋಲ್ ಎಂಜಿನು ಸುಮಾರು 2,200 ಘನ ಸೆಂಟಿಮೀಟರಿನದು. 1973ರ ತೈಲದ ಬಿಕ್ಕಟ್ಟಿನ ನಂತರ ಪೆಟ್ರೋಲಿನ ಖರ್ಚು ಭರಿಸಲಾರದೆ ಅನೇಕ ಮಾಲೀಕರು ಡೀಸೆಲ್ಲಿಗೆ ತಿರುಗಿದರು. ಮಲೆನಾಡಿನ ಕಾಫಿ ತೋಟಗಳಲ್ಲಿ ದುಡಿದ, ಕೊಲ್ಲೂರಿನ ಕಡೆಯಿಂದ ಕೊಡಚಾದ್ರಿಗೂ ಮಡಿಕೇರಿಯ ಕಡೆಯಿಂದ ಮಾಂದಲಪಟ್ಟಿಗೂ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳನ್ನು ಕಂಡವರಿಗೆ ಈ ಡೀಸೆಲ್ ಸದ್ದು ಹೊಸದಲ್ಲ.

ಜೀಪಿಗೆ ಕೂರುವ ಡೀಸೆಲ್ ಎಂಜಿನುಗಳಲ್ಲಿ ಎರಡು ಕುಲಗಳನ್ನು ಗುರುತಿಸಬಹುದು. ಒಂದು ಟ್ರ್ಯಾಕ್ಟರಿನ ಕುಲ: 1963ರಲ್ಲಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಸಂಸ್ಥೆಯ ಸಹಯೋಗದಿಂದ ನಮ್ಮಲ್ಲಿ ಆರಂಭವಾದ, ರೈತರ ಬಾಯಲ್ಲಿ 'ಬಿ-275' ಎಂದೇ ಉಳಿದಿರುವ ಟ್ರ್ಯಾಕ್ಟರಿನ ಎಂಜಿನು. ಇನ್ನೊಂದು ಕಾರಿನ ಕುಲ: ಫ್ರಾನ್ಸಿನ ಪ್ಯೂಜೋ ಸಂಸ್ಥೆಯ ಎಕ್ಸ್.ಡಿ.ಪಿ. 4.90 ಎಂಬ, 2,112 ಘನ ಸೆಂಟಿಮೀಟರಿನ ಎಂಜಿನು. ಇದನ್ನು ಮುಂದೆ ಕಾರ್ಖಾನೆಯೇ ತನ್ನ ಜೀಪುಗಳಿಗೆ ಅಳವಡಿಸಿತು. ಮೊದಲನೆಯದು ನಿಮಿಷಕ್ಕೆ ಸುಮಾರು 1,900 ಸುತ್ತಿನಲ್ಲಿ ಸುಮಾರು 35 ಅಶ್ವಶಕ್ತಿ ಕೊಡುತ್ತದೆ. ಎರಡನೆಯದು 4,500 ಸುತ್ತಿನಲ್ಲಿ 60ಕ್ಕೆ ಮೀರಿ.

ಡೀಸೆಲ್ ಎಂಜಿನಿಗೆ 'ಎಳೆತ ಜಾಸ್ತಿ' ಎಂಬ ಮಾತು ನಮ್ಮ ಗ್ಯಾರೇಜುಗಳಲ್ಲಿ ರೂಢವಾಗಿದೆ. ಅಂಕಿಗಳು ಅದನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ಮೂಲ ಪೆಟ್ರೋಲ್ ಎಂಜಿನಿನ ಗರಿಷ್ಠ ತಿರುಚುಬಲವು, ಅಂದಿನ ಅಮೆರಿಕದ ಉದಾರವಾದ ಅಳತೆಯ ಪ್ರಕಾರ, 2,000 ಸುತ್ತಿನಲ್ಲಿ 15 ಕಿಲೋಗ್ರಾಂ-ಮೀಟರಿಗಿಂತ ತುಸು ಹೆಚ್ಚು. ಪ್ಯೂಜೋ ಎಂಜಿನಿನದು 12ರಿಂದ 13. ಟ್ರ್ಯಾಕ್ಟರ್ ಎಂಜಿನಿನದು, ಮೇಲಿನ ಅಶ್ವಶಕ್ತಿಯಿಂದ ಗಣಿಸಿದರೆ, ಆ ವೇಗದಲ್ಲಿ ಸುಮಾರು 13. ಅಂದಮೇಲೆ ಡೀಸೆಲ್ಲಿನಿಂದ ಬಂದ ಲಾಭ ಎಳೆತದ್ದಲ್ಲ. ಅದು ಇಂಧನದ ಉಳಿತಾಯದ್ದು. ಭಾರ ಬಿದ್ದರೂ ನಿಧಾನಗತಿಯನ್ನು ತಾನೇ ಕಾಯ್ದುಕೊಳ್ಳುವ ಗವರ್ನರಿನದು. ಹಳ್ಳದ ನೀರಿನಲ್ಲಿ ನೆನೆದು ಕೈಕೊಡುವ ಸ್ಪಾರ್ಕ್ ಪ್ಲಗ್ಗು, ಡಿಸ್ಟ್ರಿಬ್ಯೂಟರುಗಳು ಇಲ್ಲದಿರುವುದರದು. ಇವು ಸಣ್ಣ ಲಾಭಗಳೇನಲ್ಲ. ಆದರೆ ಹೆಸರು ಸರಿಯಾಗಿರಬೇಕು.

ಎಂಜಿನಿನ ವೇಗ ಬದಲಾದರೆ ಹಲ್ಲುಚಕ್ರಗಳ ಅನುಪಾತವೂ ಬದಲಾಗಬೇಕಾಗುತ್ತದೆ. ಬಹುಮಂದಿ ಎಡವುವುದು ಇಲ್ಲಿಯೇ. ಸಿ.ಜೆ.-3ಬಿ ಜೀಪಿನ ಆಕ್ಸಲುಗಳಲ್ಲಿರುವ ಕ್ರೌನು-ಪಿನಿಯನ್ನುಗಳ ಅನುಪಾತ 5.38. ಅಂದರೆ ಪ್ರೊಪೆಲರ್ ಶಾಫ್ಟು 5.38 ಸಲ ತಿರುಗಿದರೆ ಗಾಲಿ ಒಂದು ಸಲ ತಿರುಗುತ್ತದೆ. 6.00-16 ಅಳತೆಯ ಟೈರು ಒಂದು ಸುತ್ತಿಗೆ ಸುಮಾರು 2.2 ಮೀಟರು ಉರುಳುತ್ತದೆಂದು ಹಿಡಿದರೆ, ಟಾಪ್ ಗಿಯರಿನಲ್ಲಿ ಪೆಟ್ರೋಲ್ ಎಂಜಿನು 4,000 ಸುತ್ತಿಗೆ ಗಂಟೆಗೆ 98 ಕಿಲೋಮೀಟರು ಓಡಿಸುತ್ತದೆ. ಅದೇ ಜಾಗದಲ್ಲಿ 1,900 ಸುತ್ತಿಗೆ ನಿಲ್ಲುವ ಟ್ರ್ಯಾಕ್ಟರ್ ಎಂಜಿನನ್ನು ಕೂರಿಸಿದರೆ ವಾಹನ 47 ಕಿಲೋಮೀಟರಿಗೇ ನಿಲ್ಲುತ್ತದೆ. ಹುಬ್ಬಳ್ಳಿ-ಯಲ್ಲಾಪುರ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಆ ವೇಗದಲ್ಲಿ ಸಾಗುವುದು ಸುಖವಲ್ಲ, ಕ್ಷೇಮವೂ ಅಲ್ಲ. ಅನುಪಾತವನ್ನು 4.27ಕ್ಕೆ ಇಳಿಸಿದರೆ ವೇಗ 59ಕ್ಕೆ ಏರುತ್ತದೆ, ಆದರೆ ಗಾಲಿಗೆ ತಲಪುವ ಬಲ ಐದರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಹೀಗೆ ಬದಲಿಸುವಾಗ ಹಿಂದಿನ ಆಕ್ಸಲನ್ನು ಮಾತ್ರ ಬದಲಿಸಿ ಮುಂದಿನದನ್ನು ಹಾಗೆಯೇ ಬಿಟ್ಟರೆ, ನಾಲ್ಕು ಗಾಲಿಗಳಿಗೂ ಶಕ್ತಿಯನ್ನು ಕೂಡಿಸಿದೊಡನೆ ಎರಡು ಆಕ್ಸಲುಗಳು ಪರಸ್ಪರ ಜಗ್ಗಾಡಿ ಏನಾದರೊಂದು ಮುರಿಯುವುದು ಖಂಡಿತ. ಕಾರಿನ ಕುಲದ ಡೀಸೆಲ್ಲಿಗೆ ಈ ತೊಡಕಿಲ್ಲ, 5.38 ಅದಕ್ಕೆ ಒಗ್ಗುತ್ತದೆ.

ಈಗ ಮುಖ್ಯವಾದ ಲೆಕ್ಕಕ್ಕೆ ಬರುತ್ತೇವೆ. ಮೊದಲನೆಯ ಗಿಯರು 2.8, ಟ್ರಾನ್ಸ್‌ಫರ್ ಬಾಕ್ಸಿನ ಕೆಳ ಅನುಪಾತ 2.46, ಆಕ್ಸಲಿನದು 5.38, ಮೂರನ್ನೂ ಗುಣಿಸಿದರೆ 37. ಎಂಜಿನು 800 ಸುತ್ತಿನಲ್ಲಿ ಮೆಲ್ಲಗೆ ತಿರುಗುತ್ತಿದ್ದರೆ ವಾಹನ ಗಂಟೆಗೆ ಸುಮಾರು 2.9 ಕಿಲೋಮೀಟರು ಚಲಿಸುತ್ತದೆ, ಅಂದರೆ ಹೆಚ್ಚುಕಡಿಮೆ ಎತ್ತಿನ ನಡಿಗೆ. 13 ಕಿಲೋಗ್ರಾಂ-ಮೀಟರಿನ ತಿರುಚುಬಲವು 37 ಪಾಲಾಗಿ, 0.35 ಮೀಟರು ತ್ರಿಜ್ಯದ ಗಾಲಿಗಳ ಮೂಲಕ ನೆಲವನ್ನು ತಳ್ಳುವಾಗ, ಘರ್ಷಣೆಯ ನಷ್ಟವನ್ನು ಕಳೆದರೂ, 1,150 ಕಿಲೋಗ್ರಾಮಿಗೆ ಕಡಿಮೆಯಾಗದ ಒತ್ತು ಹುಟ್ಟುತ್ತದೆ. ಹೊರೆ ಸಹಿತ ವಾಹನದ ತೂಕ 1,500 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಹಸಿ ಎರೆಯ ಹಿಡಿತವನ್ನು ತೂಕದ ಹತ್ತರಲ್ಲಿ ಮೂರು ಪಾಲೆಂದು ಉದಾರವಾಗಿ ಹಿಡಿದರೂ, ಆ ನೆಲವು ತಾಳಿಕೊಳ್ಳಬಲ್ಲ ಒತ್ತು 450 ಕಿಲೋಗ್ರಾಂ ಮಾತ್ರ. ಎಂಜಿನು ಕೊಡಬಲ್ಲದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ನೆಲವು ಸ್ವೀಕರಿಸಲಾರದು! ಇಂಥಲ್ಲಿ ಇನ್ನೂ ದೊಡ್ಡ ಎಂಜಿನನ್ನು ತಂದು ಕೂರಿಸುವವನು ಗಾಲಿಯನ್ನು ಇನ್ನಷ್ಟು ಜೋರಾಗಿ ಜಾರಿಸಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತಾನೆ. ಅದಕ್ಕಿಂತ ಟೈರಿನ ಗಾಳಿಯನ್ನು ತುಸು ಇಳಿಸುವುದು ಲೇಸು. ಚದರ ಸೆಂಟಿಮೀಟರಿಗೆ 1.8 ಕಿಲೋಗ್ರಾಂ ಇದ್ದ ಒತ್ತಡವನ್ನು 1.2ಕ್ಕೆ ಇಳಿಸಿದರೆ ಟೈರು ನೆಲವನ್ನು ಮುಟ್ಟುವ ವಿಸ್ತಾರ ಸುಮಾರು ಒಂದೂವರೆ ಪಟ್ಟಾಗುತ್ತದೆ. ಖರ್ಚು ಏನೂ ಇಲ್ಲ, ಮರಳಿ ಗಾಳಿ ತುಂಬುವ ಪಂಪೊಂದು ಜೊತೆಗಿದ್ದರೆ ಸಾಕು.

ಬಲದ ಕೊರತೆಯಿಲ್ಲವೆಂದಾದ ಮೇಲೆ ಉಳಿಯುವುದು ಗಾಲಿಗಳನ್ನು ನೆಲದ ಮೇಲೆ ಇರಿಸುವ ಕೆಲಸ. ಅದು ಸ್ಪ್ರಿಂಗುಗಳದು. ಸಾಧಾರಣ ಡಿಫರೆನ್ಷಿಯಲ್ಲು ಎರಡೂ ಗಾಲಿಗಳಿಗೆ ಸಮಬಲವನ್ನೇ ಹಂಚುವುದರಿಂದ, ಗಾಳಿಯಲ್ಲಿ ತೇಲುವ ಗಾಲಿಗೆ ಏನೂ ಬೇಡವಾದಾಗ ನೆಲದಲ್ಲಿರುವ ಗಾಲಿಗೂ ಏನೂ ಸಿಕ್ಕದು. ಕಾಡುದಾರಿಯಲ್ಲಿ ಜೀಪು ನಿಂತುಹೋಗುವುದು ಬಹುತೇಕ ಹೀಗೆಯೇ.

ಡೀಸೆಲ್ ಎಂಜಿನು ಪೆಟ್ರೋಲಿನದಕ್ಕಿಂತ ಭಾರವಾದುದು. ಹೆಚ್ಚಿದ ತೂಕದ ಬಹುಪಾಲು ಮುಂದಿನ ಆಕ್ಸಲಿನ ಮೇಲೆ ಬೀಳುತ್ತದೆ. ಅದರ ಜೊತೆಗೆ ದಪ್ಪ ಕಬ್ಬಿಣದ ಬಂಪರು, ಎಳೆಯುವ ರಾಟೆ ಸೇರಿದವೆನ್ನೋಣ. ಉದಾಹರಣೆಗಾಗಿ ಒಟ್ಟು 160 ಕಿಲೋಗ್ರಾಂ ಹೆಚ್ಚಿತು, ಪ್ರತಿ ಸ್ಪ್ರಿಂಗೂ ಸೆಂಟಿಮೀಟರಿಗೆ 40 ಕಿಲೋಗ್ರಾಮಿನಂತೆ ಬಗ್ಗುವಂಥದು ಎಂದು ಹಿಡಿದರೆ, ಮುಂಭಾಗ 2 ಸೆಂಟಿಮೀಟರು ಕುಸಿಯುತ್ತದೆ. ಆಕ್ಸಲು ಮೇಲೇರಲು ಇದ್ದ ಅವಕಾಶವೇ ಆರೇಳು ಸೆಂಟಿಮೀಟರಾದರೆ ಅದರಲ್ಲಿ ಹತ್ತಿರ ಹತ್ತಿರ ಮೂರನೆಯ ಒಂದು ಪಾಲು ನಿಂತಲ್ಲಿಯೇ ವ್ಯಯವಾದಂತಾಯಿತು.

ಇದಕ್ಕೆ ಗ್ಯಾರೇಜಿನಲ್ಲಿ ದೊರೆಯುವ ಪರಿಹಾರವೆಂದರೆ ಎರಡು ಪಾಟಾ ಹೆಚ್ಚಿಗೆ ಹಾಕುವುದು. ಎತ್ತರ ಮರಳಿ ಬರುತ್ತದೆ, ಮಾಲೀಕನಿಗೆ ಸಮಾಧಾನವಾಗುತ್ತದೆ, ಗುಣ ಕೆಡುತ್ತದೆ. ಪಾಟಾ ಸ್ಪ್ರಿಂಗಿನ ಬಿರುಸು ಪಾಟಾಗಳ ಸಂಖ್ಯೆಗೂ ಅಗಲಕ್ಕೂ ನೇರ ಅನುಪಾತದಲ್ಲಿ, ದಪ್ಪದ ಘನಕ್ಕೆ ನೇರ ಅನುಪಾತದಲ್ಲಿ, ಉದ್ದದ ಘನಕ್ಕೆ ವಿಲೋಮ ಅನುಪಾತದಲ್ಲಿ ಇರುತ್ತದೆ. ಹತ್ತಕ್ಕೆ ಎರಡು ಕೂಡಿಸಿದರೆ ಬಿರುಸು ಐದನೆಯ ಒಂದು ಪಾಲು ಹೆಚ್ಚುತ್ತದೆ. ಅದೇ ಹತ್ತು ಪಾಟಾಗಳ ದಪ್ಪವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ ಮೂರನೆಯ ಒಂದು ಪಾಲು. ಬಿರುಸಾದ ಸ್ಪ್ರಿಂಗು ತಗ್ಗಿನೊಳಕ್ಕೆ ಗಾಲಿಯನ್ನು ಇಳಿಯಗೊಡದು. ಇದಕ್ಕಿಂತ ಉದ್ದವನ್ನು ಬೆಳೆಸುವುದು ಮೇಲು. ಉದ್ದವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ ಬಿರುಸು ಕಾಲುಪಾಲು ಇಳಿಯುತ್ತದೆ. ಹಾಗೆ ಇಳಿದುದನ್ನು ಪಾಟಾಗಳ ಸಂಖ್ಯೆಯನ್ನು ಮೂರನೆಯ ಒಂದು ಪಾಲು ಹೆಚ್ಚಿಸಿ ಸರಿದೂಗಿಸಿದರೆ, ಮೊದಲಿನ ಮೆದುತನವೇ ಉಳಿದು, ಹೊರಬಲ್ಲ ಭಾರವು ನೂರಕ್ಕೆ ಇಪ್ಪತ್ತರಷ್ಟು ಹೆಚ್ಚುತ್ತದೆ. ಶ್ಯಾಕಲಿನ ಗೂಟವನ್ನು ಚಾಸಿಸಿನ ಮೇಲೆ ಸರಿಸುವ ಶ್ರಮ ಇದಕ್ಕೆ ಬೇಕಾಗುತ್ತದೆ. ಅದಕ್ಕಾಗಿಯೇ ಗ್ಯಾರೇಜಿನವರು ಇದನ್ನು ಇಷ್ಟಪಡುವುದಿಲ್ಲ.

ಮೂಲ ಜೀಪಿನಲ್ಲಿ ಸ್ಪ್ರಿಂಗುಗಳು ಆಕ್ಸಲಿನ ಕೆಳಗೆ ಕಟ್ಟಲ್ಪಟ್ಟಿವೆ. ಅವುಗಳನ್ನು ಆಕ್ಸಲಿನ ಮೇಲಕ್ಕೆ ಒಯ್ದರೆ ವಾಹನವು ಸುಲಭವಾಗಿ ಹತ್ತು ಸೆಂಟಿಮೀಟರಿಗೂ ಮಿಗಿಲಾಗಿ ಏರುತ್ತದೆ. ನೋಡಲು ಗಂಭೀರವೇ ಸರಿ. ಆದರೆ ಗಾಲಿಗಳ ನಡುವಣ ಅಂತರ ಸುಮಾರು 1.24 ಮೀಟರು ಮಾತ್ರ ಇರುವ ಈ ವಾಹನದ ಗುರುತ್ವಕೇಂದ್ರವು ನೆಲದಿಂದ 65 ಸೆಂಟಿಮೀಟರು ಎತ್ತರದಲ್ಲಿದೆ ಎಂದು ಹಿಡಿದರೆ, ಅದು ಮಗುಚುವ ಓರೆಯ ಕೋನ ಸುಮಾರು 43 ಡಿಗ್ರಿ. ಕೇಂದ್ರ 75ಕ್ಕೆ ಏರಿದರೆ 39. ಇದು ನಿಶ್ಚಲವಾದ ವಾಹನದ ಲೆಕ್ಕ. ಸ್ಪ್ರಿಂಗುಗಳು ಓರೆಯಾಗಿ ಬಾಗಿದಾಗ, ತಿರುವಿನಲ್ಲಿ ವೇಗವಿದ್ದಾಗ, ಮೇಲೆ ಮೇವಿನ ಹೊರೆಯೋ ಕೂಲಿಯಾಳುಗಳೋ ಇದ್ದಾಗ ಉಳಿಯುವ ಅಂಚು ಇನ್ನೂ ಬಹಳ ಕಿರಿದು. ಅಲ್ಲದೆ ಮೇಲಕ್ಕೆ ಹೋದ ಸ್ಪ್ರಿಂಗು, ಬಲವಾಗಿ ಎಳೆಯುವಾಗ, ಆಕ್ಸಲಿನೊಡನೆ ತಾನೂ ಇಂಗ್ಲಿಷಿನ ಎಸ್ ಅಕ್ಷರದಂತೆ ತಿರುಚಿಕೊಂಡು ಪ್ರೊಪೆಲರ್ ಶಾಫ್ಟಿನ ಕೀಲುಗಳನ್ನು ಹಿಂಸಿಸುತ್ತದೆ.

ಸುರುಳಿ ಸ್ಪ್ರಿಂಗುಗಳ ವಿಚಾರವಾಗಿ ಎರಡು ಮಾತು. 1948ರಿಂದ ತಯಾರಾಗುತ್ತಿರುವ ಜರ್ಮನಿಯ ಯೂನಿಮೋಗ್, 1970ರಲ್ಲಿ ಬಂದ ಇಂಗ್ಲೆಂಡಿನ ರೇಂಜ್ ರೋವರ್ ಇವೆರಡೂ ಇಡಿಯಾದ ಆಕ್ಸಲನ್ನು ಉಳಿಸಿಕೊಂಡೇ ಸುರುಳಿಗಳನ್ನು ಬಳಸಿ ಗಾಲಿಗೆ ವಿಶಾಲವಾದ ಏರಿಳಿತವನ್ನು ದೊರಕಿಸಿದವು. ಆದರೆ ಪಾಟಾ ಸ್ಪ್ರಿಂಗು ಭಾರವನ್ನು ಹೊರುವುದಲ್ಲದೆ ಆಕ್ಸಲನ್ನು ಅದರ ಸ್ಥಾನದಲ್ಲಿ ಹಿಡಿದಿಡುತ್ತದೆ. ಸುರುಳಿಗೆ ಆ ಶಕ್ತಿಯಿಲ್ಲ. ಅದಕ್ಕೆಂದೇ ಬೇರೆ ತೋಳುಗಳು, ಅಡ್ಡ ಸರಳು, ಅವುಗಳ ರಬ್ಬರು ಬುಶ್ಶುಗಳು ಬೇಕು. ಊರಿನ ವೆಲ್ಡಿಂಗಿನ ಮೇಲೆ ಅಷ್ಟೊಂದು ಪ್ರಾಣಗಳನ್ನು ತೂಗುಹಾಕುವುದನ್ನು ನಾವು ಸಮ್ಮತಿಸಲಾರೆವು. ಪಾಟಾ ಮುರಿದರೆ ಕಲಘಟಗಿಯಲ್ಲಿಯೇ ಇನ್ನೊಂದನ್ನು ಹೊಂದಿಸಿ ಮನೆ ಸೇರಬಹುದು.

ಕಾನೂನಿನ ವಿಚಾರ ಚಿಕ್ಕದಾದರೂ ಕಠಿಣವಾದುದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕನ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿದಿದೆ. ಆದುದರಿಂದ ಸಾರಿಗೆ ಪ್ರಾಧಿಕಾರವನ್ನು ವಿಚಾರಿಸಬೇಕಾದುದು ಎಂಜಿನನ್ನು ಕೊಳ್ಳುವ ಮುಂಚೆ, ಕೂರಿಸಿದ ಮೇಲಲ್ಲ. ಅಪಘಾತವಾದಾಗ ವಿಮೆಯ ಹಣದ ಪ್ರಶ್ನೆಯೂ ಇಲ್ಲಿಯೇ ಏಳುತ್ತದೆ.

ಅನುಮತಿ ದೊರೆತಲ್ಲಿ ಕೆಲಸದ ಕ್ರಮ ಹೀಗಿರುವುದು ಒಳ್ಳೆಯದು: ಕೆಲಸಕ್ಕೆ ಕೈಹಚ್ಚುವ ಮುನ್ನ ವೇಬ್ರಿಜ್ಜಿನಲ್ಲಿ ಮುಂದಿನ ಗಾಲಿಗಳನ್ನು ಮಾತ್ರ ನಿಲ್ಲಿಸಿ ತೂಗಿಸಬೇಕು, ಎಂಜಿನು ಕೂತ ಮೇಲೆ ಮತ್ತೊಮ್ಮೆ ತೂಗಿಸಬೇಕು. ಆ ಎರಡು ತೂಕಗಳ ಅಂತರವನ್ನು ಹಿಡಿದು ಸ್ಪ್ರಿಂಗನ್ನು ನಿರ್ಧರಿಸಬೇಕು. ಬ್ರೇಕುಗಳು ಹಗುರವಾದ ಮೂಲ ವಾಹನಕ್ಕಾಗಿ ನಿರ್ಮಿತವಾದವುಗಳೆಂಬುದನ್ನು ಮರೆಯಲಾಗದು. ರೇಡಿಯೇಟರು ಹಳೆಯದೇ ಸಾಕೆಂಬ ಜಿಪುಣತನವೂ ಬೇಡ. ಕಡೆಯದಾಗಿ, ಮುಂದಿನ ಆಕ್ಸಲನ್ನು ಜ್ಯಾಕಿನಿಂದ ಮೆಲ್ಲಗೆ ಏರಿಳಿಸುತ್ತ ಸ್ಟಿಯರಿಂಗ್ ಚಕ್ರದತ್ತ ನೋಡಬೇಕು. ಯಾರೂ ಮುಟ್ಟದಿರುವಾಗ ಅದು ತಾನಾಗಿಯೇ ತಿರುಗುತ್ತಿದ್ದರೆ, ಸ್ಟಿಯರಿಂಗಿನ ಉದ್ದ ಸರಳು ಮತ್ತು ಸ್ಪ್ರಿಂಗು ಬೇರೆ ಬೇರೆ ವೃತ್ತಗಳಲ್ಲಿ ಚಲಿಸುತ್ತಿವೆ ಎಂದರ್ಥ. ಸರಳಿನ ಓರೆಯನ್ನು ತಿದ್ದುವ ತನಕ ಅಂಥ ವಾಹನವನ್ನು ಗ್ಯಾರೇಜಿನಿಂದ ಹೊರಗೆ ತರತಕ್ಕದ್ದಲ್ಲ.